ಡಿಕ್ಕಿಯ ಮೇಲಿನ ಗಂಡಭೇರುಂಡ

ಕಾರಿನ ಡಿಕ್ಕಿಗೆ ಗಂಡಭೇರುಂಡವನ್ನೋ ಓಂಕಾರವನ್ನೋ ಅಂಟಿಸಿಕೊಂಡವರಿಗೆ ಒಂದು ಅನುಮಾನ ಇದ್ದೇ ಇರುತ್ತದೆ: ಹಿಂದಿರುವ ಒಂದು ಮಿಲಿಮೀಟರ್ ದಪ್ಪದ ಮೆತ್ತನೆಯ ಡಬಲ್ ಸೈಡ್ ಟೇಪು ಇದನ್ನು ಎಷ್ಟು ದಿನ ಹಿಡಿದೀತು? ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೊಂಡ ಲಾಂಛನವಿರಲಿ, ಕಾರ್ಖಾನೆಯಿಂದಲೇ ಬಂದ ಮಾದರಿಯ ಹೆಸರಿರಲಿ, ಈಗ ಬಹುಪಾಲು ನಿಂತಿರುವುದು ಅಂಥದೇ ಟೇಪಿನ ಮೇಲೆ. ಹಳೆಯ ಕಾರುಗಳಲ್ಲಿ ತಗಡಿಗೆ ತೂತು ಕೊರೆದು, ಲಾಂಛನದ ಹಿಂದಿನ ಕಡ್ಡಿಗಳನ್ನು ತೂರಿಸಿ, ಒಳಗಿನಿಂದ ನಟ್ಟು ಬಿಗಿಯುತ್ತಿದ್ದರು. ಲಾಂಛನ ಅಲುಗುತ್ತಿರಲಿಲ್ಲ ನಿಜ; ತೂತಿನ ಅಂಚಿಗೆ ನೀರಿಳಿದು ತುಕ್ಕು ಹಿಡಿಯುತ್ತಿತ್ತು.

ಟೇಪಿಗೂ ಕಾರಿಗೂ ನಂಟು ಹಳೆಯದು. 1920ರ ದಶಕದ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳ ಹುಚ್ಚು. ಒಂದು ಬಣ್ಣ ಹೊಡೆಯುವಾಗ ಇನ್ನೊಂದು ಭಾಗಕ್ಕೆ ಕಾಗದ ಅಂಟಿಸಿ ಮುಚ್ಚುತ್ತಿದ್ದರು. ಕಾಗದ ಕೀಳುವಾಗ ಪೇಂಟೂ ಕಿತ್ತುಬರುತ್ತಿತ್ತು. 3ಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಮಾಸ್ಕಿಂಗ್ ಟೇಪ್ ರೂಪಿಸಿದ್ದು ಈ ಗೋಳು ನೋಡಿಯೇ. ಅದು ಬೇಕೆಂದಾಗ ಬಿಟ್ಟುಬರಬೇಕಾದ ಟೇಪು. ಬಿಡಬಾರದ ಟೇಪು, ಅಂದರೆ ಅಕ್ರಿಲಿಕ್ ಫೋಮ್ ಟೇಪು, ಅದೇ ಕಂಪನಿಯಿಂದ ಬಂದದ್ದು 1980ರಲ್ಲಿ.

ಇದು ಹಿಡಿಯುವುದು ಮುಖ್ಯವಾಗಿ ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಸೆಳೆತದಿಂದ. ಒಂದೊಂದು ಸೆಳೆತವೂ ತೀರ ಕ್ಷೀಣ. ಕೆಲವೇ ನ್ಯಾನೊಮೀಟರ್ ದೂರ ಸರಿದರೂ ಇಲ್ಲದಂತಾಗುತ್ತದೆ. ನುಣುಪಾಗಿ ಕಾಣುವ ಪೇಂಟು ಆ ಅಳತೆಯಲ್ಲಿ ಬರೀ ಉಬ್ಬುತಗ್ಗು. ಗಟ್ಟಿ ವಸ್ತು ಅದರ ಮೇಲೆ ಕೂತರೆ ಉಬ್ಬುಗಳನ್ನಷ್ಟೇ ಮುಟ್ಟುತ್ತದೆ. ಮೆದುವಾದ ಅಂಟು ನಿಧಾನವಾಗಿ ಹರಿದು ತಗ್ಗುಗಳಿಗೂ ಇಳಿಯುತ್ತದೆ. ಅಂಟಿನ ಗಡಸುತನ ಸುಮಾರು 3 ಲಕ್ಷ ಪ್ಯಾಸ್ಕಲ್ ಮೀರಿದರೆ ಅದು ಒತ್ತಿದ ಮಾತ್ರಕ್ಕೆ ಹಿಡಿಯುವುದಿಲ್ಲ ಎಂಬ ಸೂತ್ರ ಕಾರ್ಲ್ ಡಾಲ್‌ಕ್ವಿಸ್ಟ್ ಎಂಬ ವಿಜ್ಞಾನಿಯ ಹೆಸರಿನಲ್ಲಿದೆ. ಹಿಡಿತದ ಗುಟ್ಟು ಇರುವುದು ಮೆದುತನದಲ್ಲೇ.

ಹರಿಯುವುದಕ್ಕೆ ಹೊತ್ತು ಬೇಕು. ಅಂಟಿಸಿದ 20 ನಿಮಿಷಕ್ಕೆ ಸುಮಾರು ಅರ್ಧ ಬಲ, 24 ಗಂಟೆಗೆ ಶೇ. 90, ಪೂರ್ತಿ ಬಲ ಬರಲು 72 ಗಂಟೆ. ಶನಿವಾರ ಅಂಟಿಸಿ ಭಾನುವಾರ ವಾಟರ್ ಸರ್ವಿಸ್‌ಗೆ ಬಿಡುವವರು ಇದನ್ನು ಗಮನಿಸಬೇಕು. ಚಳಿಯಲ್ಲಿ ಅಂಟು ಬಿಗಿದುಕೊಳ್ಳುತ್ತದೆ, ಹರಿಯುವುದಿಲ್ಲ. 21ರಿಂದ 38 ಡಿಗ್ರಿ ಒಳ್ಳೆಯದು. ಡಿಸೆಂಬರಿನಲ್ಲಿ ಮಡಿಕೇರಿಯವರು ಬೆಳಗ್ಗೆ ಬಿಟ್ಟು ಮಧ್ಯಾಹ್ನ ಅಂಟಿಸಲಿ.

ಇನ್ನು ಬಿಸಿಲಿನ ಲೆಕ್ಕ. ಬೆಳಗಿನ ಜಾವ 20 ಡಿಗ್ರಿ ಇದ್ದ ಕಪ್ಪು ಕಾರಿನ ತಗಡು ಬೇಸಗೆಯ ಮಧ್ಯಾಹ್ನ 60 ದಾಟುವುದುಂಟು. ಕ್ರೋಮ್ ಲೇಪಿಸಿದ ಲಾಂಛನಗಳ ಒಡಲು ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್. 15 ಸೆಂಟಿಮೀಟರ್ ಉದ್ದದ ಪಟ್ಟಿ ಇಷ್ಟು ಕಾದರೆ ಸುಮಾರು ಅರ್ಧ ಮಿಲಿಮೀಟರ್ ಹಿಗ್ಗುತ್ತದೆ. ಅಡಿಯ ಉಕ್ಕು ಮಿಲಿಮೀಟರಿನ ಹತ್ತರಲ್ಲೊಂದು ಭಾಗವೂ ಹಿಗ್ಗುವುದಿಲ್ಲ. ದಿನವೂ ಈ ಎಳೆದಾಟ. ಇನ್‌ಸ್ಟಂಟ್ ಗಮ್ ಗಾಜಿನಷ್ಟು ಪೆಡಸು, ಬಗ್ಗದೆ ಬಿರುಕು ಬಿಡುತ್ತದೆ. ಸಾಲದ್ದಕ್ಕೆ ಸುತ್ತಲಿನ ಪೇಂಟಿಗೆ ಬಿಳಿ ಮಂಕು ಬಳಿದಿರುತ್ತದೆ. ಫೋಮ್ ಮಾತ್ರ ಆ ಅರ್ಧ ಮಿಲಿಮೀಟರನ್ನು ತನ್ನ ದಪ್ಪದೊಳಗೇ ಓರೆಯಾಗಿ ತಡೆದುಕೊಳ್ಳುತ್ತದೆ.

ಹಾಗಿದ್ದೂ ಲಾಂಛನಗಳು ಬೀಳುತ್ತವಲ್ಲ? ನನ್ನ ಅಂದಾಜಿನಲ್ಲಿ ತಪ್ಪು ಹೆಚ್ಚಾಗಿ ಟೇಪಿನದಲ್ಲ, ಪಾಲಿಶ್‌ನದು. ಹಲಸಿನ ಹಣ್ಣು ಕೊಯ್ಯುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇವೆ, ಮೇಣ ಎಣ್ಣೆಗೆ ತಗುಲುತ್ತದೆಯೇ ಹೊರತು ಕೈಗಲ್ಲ. ವ್ಯಾಕ್ಸ್, ಸಿಲಿಕೋನ್ ಪಾಲಿಶ್ ಮಾಡುವುದೂ ಇದನ್ನೇ. ಸೆರಾಮಿಕ್ ಕೋಟಿಂಗ್ ಇನ್ನೂ ಒಂದು ಕೈ ಮೇಲು: ಏನೂ ಅಂಟಬಾರದೆಂದು ಸಾವಿರಾರು ರೂಪಾಯಿ ಸುರಿದು, ಮರುವಾರ ಅದೇ ಜಾಗಕ್ಕೆ ಲಾಂಛನ ಅಂಟಲಿ ಎಂದರೆ ಹೇಗೆ? ಬಣ್ಣ ಬಳಿಯದ ಕಪ್ಪು ಬಂಪರಿನ ಪಾಲಿಪ್ರೊಪಿಲೀನ್ ಸ್ವಭಾವತಃ ಇಂಥದೇ. ಅಲ್ಲಿ ಪ್ರೈಮರ್ ಇಲ್ಲದೆ ಹಿಡಿತ ಸಿಗದು.

ಪರೀಕ್ಷೆಗೆ ಒಂದು ಹನಿ ನೀರು ಸಾಕು. ಮುತ್ತಾಗಿ ಉರುಳಿದರೆ ಜಿಡ್ಡೋ ಲೇಪವೋ ಇದೆ. ಹರಡಿಕೊಂಡರೆ ಮೇಲ್ಮೈ ಸಿದ್ಧ. ಸೋಪಿನಲ್ಲಿ ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಒರೆಸಬೇಕು. ಇಂಜೆಕ್ಷನ್ನಿಗೆ ಮುಂಚೆ ನರ್ಸ್ ಒರೆಸುವ ಸ್ವಾಬ್ ಕೂಡ ನಡೆದೀತು. ಸ್ಯಾನಿಟೈಸರ್ ಬೇಡ, ಚರ್ಮಕ್ಕೆಂದು ಬೆರೆಸಿದ ಗ್ಲಿಸರಿನ್ ಪದರವಾಗಿ ಉಳಿಯುತ್ತದೆ. ಜಾಗ ಗುರುತಿಸಲು ಡ್ರೂ ಅವರ ಮಾಸ್ಕಿಂಗ್ ಟೇಪೇ ಒಳ್ಳೆಯದು. ಹಿಂದಿನ ಹಾಳೆ ಸುಲಿದ ಮೇಲೆ ಅಂಟಿಗೆ ಬೆರಳು ತಾಗಿಸಬೇಡಿ. ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ ಬೀಳಬೇಕು, ಅಂಗೈಯಿಂದ ತಟ್ಟಿದರೆ ಸಾಲದು. ಹೆಬ್ಬೆರಳಿನಿಂದ ತುಸುತುಸುವೇ ಒತ್ತುತ್ತ ಸಾಗಿ. ಡಿಕ್ಕಿ ಬಾಗಿದ್ದು ಲಾಂಛನ ಚಪ್ಪಟೆಯಾಗಿದ್ದರೆ ಬಲವಂತ ಬೇಡ. ಒತ್ತಿ ಬಗ್ಗಿಸಿದ ಅಂಚು ಹಗಲಿರುಳೂ ಮೇಲೇಳಲು ನೋಡುತ್ತದೆ, ಆ ಎಳೆತವೆಲ್ಲ ಟೇಪಿನ ತುದಿಯ ಒಂದೇ ಗೆರೆಯ ಮೇಲೆ ಬೀಳುತ್ತದೆ.

ಮುಂದೆ ತೆಗೆಯಬೇಕೆನಿಸಿದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಈ ಅಂಟು ಜಗ್ಗಿದಷ್ಟು ಬಿಗಿಯಾಗುತ್ತದೆ, ಬಿಸಿಗೆ ಮತ್ತು ನಿಧಾನಕ್ಕೆ ಸೋಲುತ್ತದೆ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಗಾಳದ ನೈಲಾನ್ ದಾರವನ್ನು ಲಾಂಛನದ ಹಿಂದೆ ತೂರಿಸಿ ಗರಗಸದಂತೆ ಎಳೆದರೆ ಫೋಮ್ ನಡುವೆಯೇ ಸೀಳುತ್ತದೆ. ಪೇಂಟಿನ ಮೇಲೆ ಉಳಿದದ್ದನ್ನು ಹೆಬ್ಬೆರಳಿನಿಂದ ಉಜ್ಜಿದರೆ ಉಂಡೆಯುಂಡೆಯಾಗಿ ಸುರುಳಿಕೊಂಡು ಬರುತ್ತದೆ.