ಅಡುಗೆಮನೆ ಕಪಾಟಿನ ಕೀಲು: ಚಿಕ್ಕ ಸರಕು, ದೊಡ್ಡ ಹೊಣೆ

ಕಳೆದ ಎರಡು ದಶಕಗಳಲ್ಲಿ ನಗರ, ಪಟ್ಟಣಗಳ ಮನೆಗಳಲ್ಲಿ ಮಾಡ್ಯುಲರ್ ಅಡುಗೆಮನೆಗಳು ವ್ಯಾಪಕವಾಗಿ ಬಳಕೆಗೆ ಬಂದಿವೆ. ಅವುಗಳಲ್ಲಿ ಮೊದಲ ತಲೆಮಾರಿನವು ಈಗ ದುರಸ್ತಿಯ ಹಂತವನ್ನು ತಲುಪಿವೆ. ಅನೇಕ ಮನೆಗಳಲ್ಲಿ ಕಪಾಟಿನ ಪೆಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ, ಲ್ಯಾಮಿನೇಟಿನ ಹೊಳಪೂ ಉಳಿದಿರುತ್ತದೆ. ಆದರೆ ಬಾಗಿಲು ಜೋತುಬಿದ್ದು ಪಕ್ಕದ ಬಾಗಿಲಿಗೆ ಉಜ್ಜುತ್ತಿರುತ್ತದೆ. ಅಂತಹ ಕಡೆ ಕೀಲನ್ನಷ್ಟೇ ಬದಲಿಸಿದರೆ ಸಾಕು. ಹಾರ್ಡ್‌ವೇರ್ ವರ್ತಕರಿಗೂ ಕಿರು ಪೀಠೋಪಕರಣ ಘಟಕಗಳಿಗೂ ಇದೊಂದು ಸ್ಥಿರವಾದ ವಹಿವಾಟು. ಆದರೆ ‘ಒಂದು ಜೊತೆ ಹಿಂಜಸ್ ಕೊಡಿ’ ಎಂಬ ಮಾತಿನ ಮೇಲೆ ಮಾರಿದ ಸರಕು ಮರುದಿನವೇ ಅಂಗಡಿಗೆ ಹಿಂದಿರುಗುವುದೂ ಅಪರೂಪವಲ್ಲ. ನೋಡಲು ಒಂದೇ ತೆರನಾಗಿರುವ ಕೀಲುಗಳು ಅಳತೆಯಲ್ಲಿ ಒಂದೇ ಆಗಿರುವುದಿಲ್ಲ ಎಂಬುದೇ ಇದಕ್ಕೆ ಕಾರಣ.

ಕೀಲಿನ ರಚನೆ

ಬಡಗಿಗಳು ‘ಆಟೋ ಹಿಂಜ್’ ಎಂದು ಕರೆಯುವ ಈ ಮರೆಕೀಲಿನಲ್ಲಿ ಮೂರು ಭಾಗಗಳಿವೆ. ಬಾಗಿಲಿನ ಒಳಮೈಯಲ್ಲಿ ಕೊರೆದ ಗುಳಿಯಲ್ಲಿ ಕೂರುವ ಬಟ್ಟಲು ಮೊದಲನೆಯದು. ಸ್ಪ್ರಿಂಗನ್ನು ಒಳಗೊಂಡ ತೋಳು ಎರಡನೆಯದು. ಕಪಾಟಿನ ಪಕ್ಕದ ಹಲಗೆಗೆ ತಿರುಪಿನಿಂದ ಬಿಗಿಯುವ ಆಧಾರಫಲಕ ಮೂರನೆಯದು. ತೋಳನ್ನು ಆಧಾರಫಲಕಕ್ಕೆ ಸೇರಿಸುವ ವಿಧಾನ ಒಂದೊಂದು ತಯಾರಿಕೆಯಲ್ಲಿ ಒಂದೊಂದು ಬಗೆ. ಆದುದರಿಂದ ಹಳೆಯ ಫಲಕವನ್ನು ಉಳಿಸಿ ತೋಳನ್ನು ಮಾತ್ರ ಬದಲಿಸುವ ಉಳಿತಾಯ ಸಾಮಾನ್ಯವಾಗಿ ಫಲಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸುವುದೇ ಲೇಸು.

ಮಾರಾಟಕ್ಕೆ ಮುನ್ನ ನೋಡಬೇಕಾದ ಅಳತೆಗಳು

ಮೊದಲನೆಯದು ಬಟ್ಟಲಿನ ವ್ಯಾಸ. ಹೆಚ್ಚು ಬಳಕೆಯಲ್ಲಿರುವುದು 35 ಮಿ.ಮೀ.; ಸಣ್ಣ ಬಾಗಿಲುಗಳಿಗೆ 26 ಮಿ.ಮೀ. ಬಟ್ಟಲೂ ಉಂಟು. ಎರಡನೆಯದು ಬಟ್ಟಲಿನ ಎರಡು ತಿರುಪು ರಂಧ್ರಗಳ ನಡುವಿನ ಅಂತರ. ಇದು 45, 48 ಅಥವಾ 52 ಮಿ.ಮೀ. ಇರಬಹುದು. 48ರ ಜಾಗದಲ್ಲಿ 45ರ ಕೀಲನ್ನಿಟ್ಟರೆ ಹೊಸ ರಂಧ್ರವು ಹಳೆಯದರ ಅಂಚಿಗೇ ಬಂದು ತಿರುಪು ಹಿಡಿತ ಕಳೆದುಕೊಳ್ಳುತ್ತದೆ.

ಮೂರನೆಯದೂ ಅತಿ ಮುಖ್ಯವಾದುದೂ ತೋಳಿನ ಬಾಗು, ಅಂದರೆ ಕ್ರ್ಯಾಂಕ್. ಬಾಗಿಲು ಪಕ್ಕದ ಹಲಗೆಯ ಅಂಚನ್ನು ಪೂರ್ತಿಯಾಗಿ ಮುಚ್ಚುವಂತಿದ್ದರೆ ಸೊನ್ನೆ ಕ್ರ್ಯಾಂಕ್ ಬೇಕು. ನಡುವಣ ಒಂದೇ ಹಲಗೆಯನ್ನು ಎರಡು ಬಾಗಿಲುಗಳು ಹಂಚಿಕೊಂಡಿದ್ದರೆ 8 ಅಥವಾ 9.5, ಬಾಗಿಲು ಚೌಕಟ್ಟಿನ ಒಳಗೆ ಕೂರುವಂತಿದ್ದರೆ 15 ಅಥವಾ 16 ಕ್ರ್ಯಾಂಕ್ ಬೇಕಾಗುತ್ತದೆ. ನಡುವಣ ಹಲಗೆಗೆ ಸೊನ್ನೆ ಕ್ರ್ಯಾಂಕನ್ನು ಬಳಸಿದರೆ ಬಾಗಿಲುಗಳು ಒಂದಕ್ಕೊಂದು ತಾಗುತ್ತವೆ; ಎಷ್ಟು ಹೊಂದಿಸಿದರೂ ಆ ದೋಷ ನಿವಾರಣೆಯಾಗದು.

ನಾಲ್ಕನೆಯದು ಆಧಾರಫಲಕದ ಸ್ಥಾನ. 32 ಮಿ.ಮೀ. ಪದ್ಧತಿಯಲ್ಲಿ ತಯಾರಾದ ಕಪಾಟಿನಲ್ಲಿ ಫಲಕದ ರಂಧ್ರಗಳು ಮುಂಭಾಗದ ಅಂಚಿನಿಂದ 37 ಮಿ.ಮೀ. ಒಳಗೆ, ಒಂದರಿಂದೊಂದು 32 ಮಿ.ಮೀ. ದೂರದಲ್ಲಿರುತ್ತವೆ. ಕೈಗೆಲಸದ ಕಪಾಟುಗಳಲ್ಲಿ ಈ ಲೆಕ್ಕ ತಪ್ಪಿರಬಹುದು. ಹಳೆಯ ಕೀಲನ್ನು ಫಲಕಸಹಿತ ತರುವಂತೆ ಗ್ರಾಹಕರಿಗೆ ತಿಳಿಸುವುದು ಇದಕ್ಕೆ ಸುಲಭ ಪರಿಹಾರ.

ಕೀಲು ಸೋತ ಕಾರಣ

ಕಾರಣವನ್ನು ಅರಿಯದೆ ಕೀಲನ್ನು ಬದಲಿಸಿದರೆ ಹೊಸದೂ ಅದೇ ಹಾದಿ ಹಿಡಿಯುತ್ತದೆ. 720 ಮಿ.ಮೀ. ಎತ್ತರ, 450 ಮಿ.ಮೀ. ಅಗಲ, 18 ಮಿ.ಮೀ. ದಪ್ಪದ ಎಂ.ಡಿ.ಎಫ್. ಬಾಗಿಲು ಸುಮಾರು 4ರಿಂದ 4.5 ಕಿಲೋಗ್ರಾಂ ತೂಗುತ್ತದೆ. ಅದಕ್ಕೆ ಎರಡು ಕೀಲುಗಳು ಸಾಕು. ಎತ್ತರ 900 ಮಿ.ಮೀ. ಮೀರಿದರೆ ಸಾಮಾನ್ಯವಾಗಿ ಮೂರು, 1600 ಮಿ.ಮೀ. ಮೀರಿದರೆ ನಾಲ್ಕು ಕೀಲುಗಳು ಬೇಕು. ಉದ್ದನೆಯ ಬಾಗಿಲಿಗೆ ಎರಡೇ ಕೀಲುಗಳನ್ನು ಹಾಕಿದ್ದರೆ ದೋಷ ಕೀಲಿನದಲ್ಲ.

ತೊಟ್ಟಿಯ ಬಳಿಯ ಕಪಾಟುಗಳಲ್ಲಿ ಪಾರ್ಟಿಕಲ್ ಬೋರ್ಡ್ ತೇವದಿಂದ ಉಬ್ಬಿ, ತಿರುಪಿನ ಹಿಡಿತ ಸಡಿಲಾಗುತ್ತದೆ. ಅಲ್ಲಿ ಬೆಂಕಿಕಡ್ಡಿ ತುರುಕಿ ತಿರುಪು ಬಿಗಿಯುವುದು ಕೆಲವು ತಿಂಗಳ ಮಾತಷ್ಟೆ. ಹಳೆಯ ರಂಧ್ರವನ್ನು 8 ಅಥವಾ 10 ಮಿ.ಮೀ.ಗೆ ಹಿಗ್ಗಿಸಿ, ಮರದ ಗೂಟವನ್ನು ಅಂಟಿನೊಡನೆ ಕೂರಿಸಿ, ಅಂಟು ಒಣಗಿದ ಬಳಿಕ ಹೊಸದಾಗಿ ಕೊರೆಯುವುದು ಸರಿಯಾದ ಕ್ರಮ. ಹಲಗೆಯೇ ಪುಡಿಯಾಗಿದ್ದರೆ ಹಲಗೆಯನ್ನು ಬದಲಿಸದೆ ಗತಿಯಿಲ್ಲ.

ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ಉಪ್ಪುಗಾಳಿಗೆ ನಿಕ್ಕಲ್ ಲೇಪಿತ ಉಕ್ಕಿನ ಕೀಲು ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸೂಕ್ತ. ಅಗ್ಗದ 202 ದರ್ಜೆಯನ್ನು ಅಯಸ್ಕಾಂತದ ಪರೀಕ್ಷೆಯಿಂದ 304ರಿಂದ ಬೇರ್ಪಡಿಸಲಾಗದು. ಸಾಮಾನ್ಯವಾಗಿ ಎರಡೂ ಅಯಸ್ಕಾಂತಕ್ಕೆ ಬಲವಾಗಿ ಅಂಟುವುದಿಲ್ಲ. ಆದುದರಿಂದ ವರ್ತಕರು ಸರಬರಾಜುದಾರರಿಂದ ದರ್ಜೆಯನ್ನು ಲಿಖಿತವಾಗಿ ಪಡೆಯತಕ್ಕದ್ದು.

ಅಳವಡಿಕೆ

ಒಂದು ಸಲಕ್ಕೆ ಒಂದೇ ಬಾಗಿಲನ್ನು ಕಳಚಬೇಕು. ಕಳಚುವಾಗ ಕೆಳಗಿನ ಕೀಲನ್ನು ಮೊದಲು, ಕೂರಿಸುವಾಗ ಮೇಲಿನದನ್ನು ಮೊದಲು ಹಿಡಿಯುವುದರಿಂದ ಭಾರ ನಿಯಂತ್ರಣದಲ್ಲಿರುತ್ತದೆ. 18 ಮಿ.ಮೀ. ಹಲಗೆಗೆ 16 ಮಿ.ಮೀ. ಉದ್ದದ ತಿರುಪು ಹೊಂದುತ್ತದೆ. ಅದಕ್ಕಿಂತ ಉದ್ದನೆಯದು ಹೊರಮೈಯನ್ನು ಸೀಳಬಹುದು. ಬಾಗಿಲನ್ನು ಪಕ್ಕಕ್ಕೆ, ಮುಂದಕ್ಕೆ ಮತ್ತು ಮೇಲೆ ಕೆಳಗೆ ಸರಿಸುವ ಹೊಂದಾಣಿಕೆಯಿಂದ ಕೆಲವು ಮಿಲಿಮೀಟರುಗಳಷ್ಟು ವ್ಯತ್ಯಾಸವನ್ನು ಮಾತ್ರ ಸರಿಪಡಿಸಬಹುದು.

ಲಾಭನಷ್ಟದ ಲೆಕ್ಕ

ಉದಾಹರಣೆಗೆ, 14 ಬಾಗಿಲುಗಳ ಅಡುಗೆಮನೆಗೆ 28 ಕೀಲುಗಳು ಬೇಕೆಂದಿಟ್ಟುಕೊಳ್ಳೋಣ. ಕೀಲೊಂದಕ್ಕೆ 25 ರೂಪಾಯಿ ಉಳಿಸಿದರೆ ದೊರೆಯುವುದು 700 ರೂಪಾಯಿ. ದೂರು ಬಂದು ಬಡಗಿಯನ್ನು ಒಮ್ಮೆ ಮರಳಿ ಕಳುಹಿಸಿದರೆ ಅರ್ಧ ದಿನದ ಕೂಲಿ ಮತ್ತು ಪ್ರಯಾಣವೆಚ್ಚ ಅದರ ಬಹುಪಾಲನ್ನು ನುಂಗುತ್ತವೆ. ಎರಡನೆಯ ಭೇಟಿ ಕೈಯಿಂದ ಕಟ್ಟುವ ನಷ್ಟ.

ಇದಕ್ಕಿಂತ ಗಂಭೀರವಾದುದು ಸುರಕ್ಷತೆಯ ಪ್ರಶ್ನೆ. ಒಲೆಯ ಮೇಲ್ಭಾಗದ ಕಪಾಟಿನ ಬಾಗಿಲು ಕಳಚಿ ಬಿದ್ದರೆ ಕೆಳಗೆ ನಿಂತವರಿಗೆ ಅಪಾಯ ತಪ್ಪದು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ದೋಷಯುಕ್ತ ಉತ್ಪನ್ನದಿಂದ ಹಾನಿಯಾದಾಗ ಉತ್ಪಾದಕರೊಡನೆ ಮಾರಾಟಗಾರರನ್ನೂ ಸೇವೆ ಒದಗಿಸಿದವರನ್ನೂ ಹೊಣೆಗಾರಿಕೆಯ ವ್ಯಾಪ್ತಿಗೆ ತಂದಿದೆ. ಬಿಲ್ಲಿನಲ್ಲಿ ‘ಹಿಂಜಸ್’ ಎಂದಷ್ಟೇ ಬರೆಯುವ ಬದಲು ಬಟ್ಟಲಿನ ವ್ಯಾಸ, ರಂಧ್ರಗಳ ಅಂತರ, ಕ್ರ್ಯಾಂಕ್ ಹಾಗೂ ಲೋಹದ ದರ್ಜೆಯನ್ನು ನಮೂದಿಸುವುದು ಉಭಯರಿಗೂ ರಕ್ಷಣೆ. ಮುಂದೆ ಅದೇ ಗ್ರಾಹಕರು ಬಂದಾಗ ಆ ಹಳೆಯ ಬಿಲ್ಲೇ ಸರಿಯಾದ ಕೀಲನ್ನು ಕ್ಷಣಮಾತ್ರದಲ್ಲಿ ತೋರಿಸಿಕೊಡುತ್ತದೆ.