ಮಣ್ಣಿಗೆ ನಾದ ಬಂದ ಬಗೆ

ಹಂಪಿಯ ಹಜಾರರಾಮ ದೇಗುಲದ ಹೊರಗೋಡೆಯಲ್ಲಿ ಆನೆ, ಕುದುರೆ, ನರ್ತಕಿಯರ ಸಾಲಿನೊಂದಿಗೆ ವಾದ್ಯ ಬಾರಿಸುವವರೂ ಸಾಗುತ್ತಾರೆ. ಮಹಾನವಮಿ ದಿಬ್ಬದಲ್ಲೂ ಅಂಥವರೇ. ಅವರ ಕೈಯಲ್ಲಿರುವ ವಾದ್ಯದ ಒಡಲು ಮರದ್ದೋ ಮಣ್ಣಿನದೋ ಎಂಬುದು ಕಲ್ಲಿನಲ್ಲಿ ಕಾಣದು. ಮೃದಂಗಕ್ಕೆ ಆ ಹೆಸರು ಬಂದದ್ದಂತೂ ಮಣ್ಣಿನಿಂದಲೇ. ನಾಟ್ಯಶಾಸ್ತ್ರದ ಕಥೆಯ ಪ್ರಕಾರ, ಕೊಳದ ತಾವರೆ ಎಲೆಗಳ ಮೇಲೆ ಮಳೆಹನಿ ಬೀಳುವ ಸದ್ದು ಕೇಳಿದ ಸ್ವಾತಿ ಮುನಿ ವಿಶ್ವಕರ್ಮನ ನೆರವಿನಿಂದ ಮೃದಂಗದಂಥ ವಾದ್ಯಗಳನ್ನು ಮಾಡಿಸಿದ. ಮುಂದೆ ಮೃದಂಗದ ಒಡಲು ಮರದ್ದಾಯಿತು.

ಮಣ್ಣನ್ನು ಕೈಯಿಂದಲೇ ಏರಿಸಿ ಪಾತ್ರೆ ಮಾಡುವ ವಿದ್ಯೆ ಹಂಪಿಯ ಈ ಸೀಮೆಯಲ್ಲಿ ಬಲು ಹಳೆಯದು. ಕಂಪ್ಲಿಯಾಚೆ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟಗಳಲ್ಲಿ 1963–64ರಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ಹೊಸ ಶಿಲಾಯುಗದ ಮಡಕೆಗಳು ದೊರೆತವು. ಅವುಗಳಲ್ಲಿ ಕೈಯಿಂದ ಮಾಡಿದವೇ ಹೆಚ್ಚು. ಬಳ್ಳಾರಿ ಬಳಿಯ ಸಂಗನಕಲ್ಲು–ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ಇನ್ನೊಂದು ಸೋಜಿಗವಿದೆ. ಅಲ್ಲಿನ ಕರಿಬಂಡೆಗಳ ಮೇಲೆ ಕುಟ್ಟಿ ಕುಟ್ಟಿ ಸವೆದ ಗುಳಿಗಳಿವೆ. ಕಲ್ಲಿನಿಂದ ಹೊಡೆದರೆ ಗಂಟೆಯಂತೆ ಮೊಳಗುತ್ತವೆ. ಮಡಕೆ ಮಾಡಿದ ಜನವೇ ಬಂಡೆಯಲ್ಲಿ ತಾಳವನ್ನೂ ಕಂಡುಕೊಂಡಿದ್ದಿರಬಹುದು. ಚರ್ಮ ಸಾವಿರಾರು ವರ್ಷ ಬಾಳದು. ಹಾಗಾಗಿ ಅವರು ಮಡಕೆಯ ಬಾಯಿಗೆ ತೊಗಲು ಬಿಗಿದಿದ್ದರೆ ಅದರ ಗುರುತು ನಮಗೆ ಸಿಗುವ ಹಾಗಿಲ್ಲ.

ಅಂಥ ವಾದ್ಯ ಕಟ್ಟುವುದು ಸುಲಭದ ಕೆಲಸವಲ್ಲ. ಈ ಸೀಮೆಯ ಎರೆಮಣ್ಣು ಒಣಗಿದಂತೆ ಬಿರಿಯುತ್ತದೆ. ಮರಳನ್ನೋ ಬೂದಿಯನ್ನೋ ಬೆರೆಸಿ ತುಳಿದು ಹದಮಾಡದಿದ್ದರೆ ಅಂಥ ಜೇಡಿ ನಿಲ್ಲದು. ಹದವಾದ ಮಣ್ಣನ್ನು ಹಗ್ಗದಂತೆ ಹೊಸೆದು ಸುತ್ತಿನ ಮೇಲೆ ಸುತ್ತು ಇಡಬೇಕು. ಪ್ರತಿ ಸುತ್ತಿನ ಅಂಚನ್ನೂ ಗೀರಿ, ಕೆಸರು ಸವರಿ, ಕೆಳಗಿನದರೊಳಕ್ಕೆ ಬೆರಳಿನಿಂದ ಒತ್ತಿ ಬೆಸೆಯಬೇಕು. ಒಂದಷ್ಟು ಎತ್ತರವಾದ ಮೇಲೆ ತುಸು ಆರಲು ಬಿಡಬೇಕು, ಇಲ್ಲವಾದರೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಆಮೇಲೆ ಒಳಗೆ ನುಣುಪುಗಲ್ಲು ಆನಿಸಿ ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತ ಬರಬೇಕು. ಈ ತಟ್ಟುವಿಕೆಯಲ್ಲೇ ಗಟ್ಟಿತನವಿದೆ: ಸುತ್ತುಗಳ ನಡುವೆ ಉಳಿದ ಗಾಳಿ ಹೊರಬೀಳುತ್ತದೆ, ಗೋಡೆ ಎಲ್ಲೆಡೆ ಒಂದೇ ದಪ್ಪಕ್ಕೆ ಬರುತ್ತದೆ. ಬಾಯಂಚು ಮಾತ್ರ ದಪ್ಪವಾಗಿರಬೇಕು. ಹಸಿ ಚರ್ಮ ಒಣಗುತ್ತ ಬಿಗಿದುಕೊಂಡಾಗ ಆ ಸೆಳೆತವೆಲ್ಲ ಬೀಳುವುದು ಅದರ ಮೇಲೆ. ನೆರಳಲ್ಲಿ ನಿಧಾನವಾಗಿ ಒಣಗಿಸಿ ಆವಿಗೆಯಲ್ಲಿ ಸುಟ್ಟ ಮೇಲೆ ಗೆಣ್ಣಿನಿಂದ ತಟ್ಟಿ ನೋಡಿದರೆ, ಬಿರುಕಿದ್ದದ್ದು ಒಡಕು ದನಿಯಲ್ಲೇ ಗೊತ್ತಾಗುತ್ತದೆ.

ಮಣ್ಣಿನ ಒಡಲನ್ನು ಕೈಬಿಡದ ಚರ್ಮವಾದ್ಯವೊಂದು ನಮ್ಮ ಕರಾವಳಿಯಲ್ಲಿ ಉಳಿದಿದೆ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗು ಎಂಬ ಹಾಡಿಕೆ, ಉಡುಪಿ ಕಡೆಯ ಕುಡುಬಿಯರ ಹೋಳಿ ಕುಣಿತ, ಎರಡಕ್ಕೂ ಗುಮಟೆಯೇ ಜೀವ. ಎರಡೂ ಕಡೆ ತೆರೆದ ಮಡಕೆಯ ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ. ಒಂದು ಕೈ ಚರ್ಮವನ್ನು ಬಡಿದರೆ ಇನ್ನೊಂದು ಕೈ ಹಿಂದಿನ ಸಣ್ಣ ಬಾಯಿಯನ್ನು ಮುಚ್ಚಿ ತೆರೆದು ದನಿಯನ್ನು ಏರಿಳಿಸುತ್ತದೆ. ಗೋವಾ ಸರ್ಕಾರ 2019ರಲ್ಲಿ ಇದೇ ವಾದ್ಯವನ್ನು, ಅಲ್ಲಿನ ಘುಮಟವನ್ನು, ತನ್ನ ಪರಂಪರೆಯ ವಾದ್ಯವೆಂದು ಘೋಷಿಸಿತು. ನಾವೂ ಅಷ್ಟು ಗೌರವ ತೋರಬೇಕಿತ್ತು.

ಹಿಂದೆ ಗುಮಟೆಗೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡವನ್ನು ಕೊಲ್ಲುವುದು ಅಪರಾಧ. ಈಗ ಆಡಿನ ಚರ್ಮ ಆ ಜಾಗಕ್ಕೆ ಬಂದಿದೆ, ಹಾಡು ನಿಂತಿಲ್ಲ. ಹಂಪಿ ಉತ್ಸವ ನಡೆಸುವವರು ವೇದಿಕೆಗೆ ಗುಮಟೆಯವರನ್ನು ಕರೆಸಿ, ಪಕ್ಕದಲ್ಲೇ ಹೊಸಪೇಟೆ, ಸಂಡೂರು, ಕಂಪ್ಲಿಯ ಕುಂಬಾರರಿಗೂ ಜಾಗ ಕೊಡಲಿ. ಗುಮಟೆ ಕೊಳ್ಳುವವರು ಆಡಿನ ಚರ್ಮದ್ದನ್ನೇ ಕೇಳಿ ಕೊಳ್ಳಿ. ಮಡಕೆ ಮಾಡಿದವರಿಗೂ ಅವರ ದುಡಿಮೆಗೆ ತಕ್ಕ ಬೆಲೆ ಕೊಡಿ.