ಹಿಕ್ಕೆ ಹೇಳುವ ನೆಂಟಸ್ತಿಕೆ



ನಮ್ಮ ಪಂಚನಹಳ್ಳಿ ಕಡೆ ಮಳೆ ಕಡಿಮೆ. ರಾಗಿ ಕೈಕೊಟ್ಟ ವರ್ಷ ಕುರಿ ಕೈ ಹಿಡಿಯುತ್ತೆ. ಮಗಳ ಮದುವೆ ಇರಲಿ, ಆಸ್ಪತ್ರೆ ಖರ್ಚು ಇರಲಿ, ಎರಡು ಕುರಿ ಮಾರಿದರೆ ಒಂದು ದಾರಿ ಆಗುತ್ತೆ.

ಕುರಿ ಸಾಕುವ ನಮಗೆಲ್ಲ ಒಂದು ಮಾತು ಗೊತ್ತು. ಒಂದೇ ಟಗರನ್ನು ಹಿಂಡಿನಲ್ಲಿ ಬಹಳ ವರ್ಷ ಬಿಡಬಾರದು. ಯಾಕೆ? ಅದು ತನಗೆ ಹುಟ್ಟಿದ ಹೆಣ್ಣುಮರಿಗಳನ್ನೇ ಕೂಡುತ್ತೆ. ಆಗ ಹುಟ್ಟುವ ಮರಿ ಬಡಕಲಾಗುತ್ತೆ. ಬೇಗ ರೋಗ ಬೀಳುತ್ತೆ. ಕೆಲವು ಕುರಿ ಗಬ್ಬವೇ ಕಟ್ಟುವುದಿಲ್ಲ. ಅದಕ್ಕೇ ನಾವು ಟಗರು ಬದಲಾಯಿಸುತ್ತೇವೆ. ಬೇರೆ ಊರಿನ ಹಿಂಡಿನಿಂದ ತರುತ್ತೇವೆ.

ಹಾಗಾದರೆ ಕಾಡುಪ್ರಾಣಿಗಳಿಗೆ ಬೇರೆ ಊರಿನ ಗಂಡನ್ನು ತಂದು ಕೊಡುವವರು ಯಾರು?

ಯಾರೂ ಇಲ್ಲ. ಅವೇ ನಡೆದು ಹೋಗಬೇಕು. ಹೋಗಲು ದಾರಿ ಇರಬೇಕು.

ಕಾವಲಿನ ಕೃಷ್ಣಮೃಗ

ನಮ್ಮ ಕಡೂರು ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲುಗಳಿವೆ. ಮೈಸೂರು ಅರಸರ ಕಾಲದಲ್ಲಿ ದನಗಳ ಮೇವಿಗೆ ಬಿಟ್ಟ ಹುಲ್ಲುಗಾವಲುಗಳು ಇವು. ಅದರಲ್ಲಿ ಬಾಸೂರು ಕಾವಲು ಒಂದು. ಸುಮಾರು 1,800 ಎಕರೆ ಇದೆ. 2011ರಲ್ಲಿ ಸರ್ಕಾರ ಇದನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಅಲ್ಲಿ ಕೃಷ್ಣಮೃಗ ಇದೆ, ತೋಳವೂ ಇದೆ.

ಕೃಷ್ಣಮೃಗವನ್ನು ನಾವು ಜಿಂಕೆ ಅಂತಲೇ ಕರೆಯುತ್ತೇವೆ. ಬೆಳೆದ ಗಂಡಿನ ಮೈ ಕಪ್ಪು, ಹೊಟ್ಟೆ ಬಿಳಿ. ಕೊಂಬು ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿರುತ್ತೆ. ಹೆಣ್ಣಿನ ಮೈ ತಿಳಿಕಂದು. ಕುರಿಯ ಹಾಗೇ ಇದೂ ಹುಲ್ಲು ಮೇದು ಮೆಲುಕು ಹಾಕುತ್ತೆ. ಇದಕ್ಕೆ ದಟ್ಟ ಕಾಡು ಬೇಡ, ಬಯಲು ಬೇಕು. ತೋಳ ದೂರದಲ್ಲೇ ಕಾಣಬೇಕು. ಕಂಡ ಕೂಡಲೇ ಓಡಲು ಜಾಗ ಇರಬೇಕು.

ಹಿಂದೆ ಒಂದು ಬಯಲಿನಿಂದ ಇನ್ನೊಂದು ಬಯಲಿಗೆ ಇವು ಸಲೀಸಾಗಿ ಹೋಗುತ್ತಿದ್ದವು. ಈಗ ನಡುವೆ ಹೊಲ ಬಂದಿದೆ, ತೋಟ ಬಂದಿದೆ. ತಂತಿಬೇಲಿ, ದೊಡ್ಡ ರಸ್ತೆ, ಊರ ನಾಯಿ ಎಲ್ಲವೂ ಇವೆ. ಸುತ್ತ ನೀರು ನಿಂತ ದಿಬ್ಬದ ಹಾಗೆ ಕಾವಲು ಒಂಟಿಯಾಗಿದೆ. ಇಷ್ಟೆಲ್ಲ ದಾಟಿ ಜಿಂಕೆ ಇನ್ನೂ ಹೋಗಿ ಬರುತ್ತಿದೆಯೇ? ಹಗಲೂ ರಾತ್ರಿ ಕಾದು ನೋಡಲು ಆಗದು. ಹಿಡಿದು ಗುರುತು ಹಾಕೋಣ ಅಂದರೆ ಹೆದರಿಕೆಗೇ ಪ್ರಾಣ ಬಿಡಬಹುದು.

ಅದಕ್ಕೆ ವಿಜ್ಞಾನಿಗಳು ಒಂದು ಸುಲಭದ ವಸ್ತು ಹುಡುಕಿದರು. ಅದೇ ಹಿಕ್ಕೆ.

ಹಿಕ್ಕೆಯಲ್ಲಿ ಏನಿದೆ?

ನಾವು ದಿನಾ ಕುರಿ ಹಟ್ಟಿ ಗುಡಿಸುತ್ತೇವೆ. ಹಿಕ್ಕೆ ಅಂದರೆ ನಮಗೆ ಗೊಬ್ಬರ. ಆದರೆ ಅದರೊಳಗೆ ಒಂದು ಜಾತಕವೇ ಇದೆ.

ಹಿಕ್ಕೆ ಕರುಳಿನಿಂದ ಜಾರಿ ಬರುವಾಗ ಕರುಳಿನ ಒಳಪದರದ ಸಣ್ಣ ಸಣ್ಣ ಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ. ಅವನ್ನು ಜೀವಕೋಶ ಎನ್ನುತ್ತಾರೆ. ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಎಂಬ ಎಳೆ ಇರುತ್ತೆ. ಮಗುವಿಗೆ ಅಪ್ಪನ ಮೂಗು, ಅವ್ವನ ಕಣ್ಣು ಬರುವುದು ಈ ಎಳೆಯಿಂದಲೇ. ಎರಡು ಪ್ರಾಣಿಗಳ ಎಳೆ ಹೋಲಿಸಿದರೆ ಅವು ಹತ್ತಿರದ ನೆಂಟರೋ ದೂರದವೋ ತಿಳಿಯುತ್ತೆ.

ಇನ್ನೊಂದು ಸೋಜಿಗ ಇದೆ. ಡಿಎನ್‌ಎಯಲ್ಲಿ ಒಂದು ಸಣ್ಣ ಭಾಗ ತಾಯಿಯಿಂದ ಮಾತ್ರ ಬರುತ್ತೆ. ಅವ್ವನಿಗೆ ಅಜ್ಜಿಯಿಂದ, ಅಜ್ಜಿಗೆ ಮುತ್ತಜ್ಜಿಯಿಂದ. ಆ ಭಾಗ ನೋಡಿದರೆ ತಾಯಿಯ ಕಡೆಯ ವಂಶ ಗೊತ್ತಾಗುತ್ತೆ.

ಹೀಗೆ ಯಾವ ಹಿಂಡಿಗೆ ಯಾವ ಹಿಂಡು ನೆಂಟ ಅಂತ ತಿಳಿಯುತ್ತಾರೆ. ಆಮೇಲೆ ನಕ್ಷೆಯಲ್ಲಿ ರಸ್ತೆ, ಊರು, ಬಯಲು ಎಲ್ಲಿವೆ ಅಂತ ನೋಡುತ್ತಾರೆ. ಎರಡನ್ನೂ ಕೂಡಿಸಿದರೆ ದಾರಿ ಎಲ್ಲಿ ತೆರೆದಿದೆ, ಎಲ್ಲಿ ಮುಚ್ಚಿದೆ ಎಂಬುದು ಕಾಣುತ್ತೆ.

ದಾರಿ ಮುಚ್ಚಿದ ಕಥೆ

ದೂರದ ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ ಎಂಬ ರಾಜ್ಯ ಇದೆ. ಅಲ್ಲಿನ ಮರಳುಗಾಡಿನ ಬೆಟ್ಟಗಳಲ್ಲಿ ದೊಡ್ಡ ಕೊಂಬಿನ ಕಾಡುಕುರಿಗಳಿವೆ. ಒಂದೊಂದು ಬೆಟ್ಟಕ್ಕೆ ಒಂದೊಂದು ಹಿಂಡು. ಟಗರುಗಳು ಬಯಲು ದಾಟಿ ಬೇರೆ ಬೆಟ್ಟಕ್ಕೆ ಹೋಗುತ್ತಿದ್ದವು. ಆಮೇಲೆ ಬೆಟ್ಟಗಳ ನಡುವೆ ಹೆದ್ದಾರಿ ಬಂತು. ಅದರ ಪಕ್ಕ ಬೇಲಿ ಬಂತು. ಕಾಲುವೆ ಬಂತು.

ವಿಜ್ಞಾನಿಗಳು ಆ ಕುರಿಗಳ ಹಿಕ್ಕೆ ಮತ್ತು ರಕ್ತ ಪರೀಕ್ಷಿಸಿದರು. ಫಲಿತಾಂಶ 2005ರಲ್ಲಿ ಹೊರಬಂತು. ರಸ್ತೆಯ ಆಚೆ ಈಚೆಯ ಹಿಂಡುಗಳ ನೆಂಟಸ್ತಿಕೆ ಕಡಿದುಹೋಗಿತ್ತು. ಸುಮಾರು 40 ವರ್ಷದೊಳಗೆ ಒಂಟಿಯಾದ ಹಿಂಡುಗಳ ತಳಿ ವೈವಿಧ್ಯ ನೂರಕ್ಕೆ 15ರವರೆಗೆ ಕುಗ್ಗಿತ್ತು. ತಳಿ ವೈವಿಧ್ಯ ಅಂದರೆ ಹಿಂಡಿನಲ್ಲಿ ಬಗೆಬಗೆಯ ಎಳೆಗಳು ಇರುವುದು. ಬಗೆ ಹೆಚ್ಚಿದ್ದರೆ ಬರ ಬಂದರೂ ರೋಗ ಬಂದರೂ ಕೆಲವಾದರೂ ತಡೆದುಕೊಂಡು ಬದುಕುತ್ತವೆ.

ಪಕ್ಕದ ಅರಿಜೋನಾ ರಾಜ್ಯದಲ್ಲಿ 2011ರಲ್ಲಿ ಒಂದು ಹೆದ್ದಾರಿಯ ಮೇಲೆ 3 ಸೇತುವೆ ಕಟ್ಟಿದರು. ಕಟ್ಟಿದ್ದು ಜನಕ್ಕಲ್ಲ, ಇಂಥ ಕಾಡುಕುರಿಗಳಿಗೆ!

ದಾರಿ ಮುಚ್ಚದ ಕಥೆ

ಈಗ ನಮ್ಮ ಜಿಂಕೆಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನನ್ಯಾ ಜನಾ ಮತ್ತು ಪ್ರವೀಣ್ ಕಾರಂತ್ ಕೃಷ್ಣಮೃಗದ ಅಧ್ಯಯನ ಮಾಡಿದರು. 8 ರಾಜ್ಯಗಳ 12 ಕಡೆಯಿಂದ ಹಿಕ್ಕೆ ಕೂಡಿಸಿದರು. ಭಾರತದಲ್ಲಿ ಕೃಷ್ಣಮೃಗದ ಮೂರು ಬಳಗ ಇವೆ ಅಂತ ಗೊತ್ತಾಯಿತು. ಉತ್ತರದ್ದು, ದಕ್ಷಿಣದ್ದು, ಪೂರ್ವದ್ದು.

ಇಷ್ಟು ಜನ, ಇಷ್ಟು ಊರು ಇರುವಾಗ ಜಿಂಕೆ ಎಲ್ಲೂ ಹೋಗಲಾರದು ಅಂತಲೇ ಯಾರಾದರೂ ಎಣಿಸುತ್ತಾರೆ. ಆದರೆ ಹಿಕ್ಕೆ ಬೇರೆ ಮಾತು ಹೇಳಿತು. ಹೆಣ್ಣು ಜಿಂಕೆ ಹೆಚ್ಚಾಗಿ ಹುಟ್ಟಿದ ನೆಲದಲ್ಲೇ ಉಳಿಯುತ್ತೆ. ಗಂಡು ಮಾತ್ರ ಎಣಿಸಿದ್ದಕ್ಕಿಂತ ಹೆಚ್ಚು ದೂರ ಹೋಗುತ್ತೆ. ನಮ್ಮಲ್ಲಿ ಹೆಣ್ಣು ಗಂಡನ ಮನೆಗೆ ಹೋಗುತ್ತಾಳೆ. ಅಲ್ಲಿ ಗಂಡೇ ಊರು ಬಿಡುತ್ತೆ, ಅಷ್ಟೇ!

ಅಂದರೆ ದಾರಿ ಪೂರ್ತಿ ಮುಚ್ಚಿಲ್ಲ. ನಮ್ಮ ಹೊಲದ ಬದು, ಬೀಳು ಜಮೀನು, ಗೋಮಾಳ, ಇವೇ ಜಿಂಕೆಗೆ ದಾರಿ. ಒಂದು ಕಾವಲಿಗೆ ಬೇಲಿ ಹಾಕಿ ಕಾದರೆ ಸಾಲದು. ನಡುವಿನ ನೆಲವೂ ಉಳಿಯಬೇಕು.

ನಮ್ಮ ರಾಗಿ ಯಾರು ಕೊಡ್ತಾರೆ?

"ಜಿಂಕೆ ಉಳೀಬೇಕು, ಸರಿ ಕಣ್ರವ್ವ. ರಾತ್ರಿ ಬಂದು ಪೈರು ಮೇದರೆ ನಮ್ಮ ರಾಗಿ ಯಾರು ಕೊಡ್ತಾರೆ?"

ಈ ಮಾತು ಕೇಳಬೇಕಾದ್ದೇ. ಬೆವರು ಸುರಿಸಿದವರಿಗೇ ನಷ್ಟ ಆಗಬಾರದು. ಬಯಲಿನಲ್ಲಿ ಹುಲ್ಲು ಚೆನ್ನಾಗಿದ್ದರೆ ಜಿಂಕೆಗೆ ಹೊಲದ ಚಿಂತೆ ಕಡಿಮೆ. ಕಾವಲು ಕರಗಿದಷ್ಟೂ ಅದು ಹೊಲಕ್ಕೆ ಬರುತ್ತೆ. ಕಾವಲು ಹೋದರೆ ನಮ್ಮ ಕುರಿಗೂ ಮೇವು ಇಲ್ಲ. ಇಬ್ಬರ ಹೊಟ್ಟೆಯೂ ಒಂದೇ ಹುಲ್ಲಿಗೆ ಕಾದಿದೆ.

ನಾವು ಮಾಡಬಹುದಾದ್ದು ಏನು?

ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಬರೆದು ಪರಿಹಾರ ಕೇಳೋಣ. ಈಗ ಬರೆಯಲು ನಮಗೇ ಬರುತ್ತಲ್ಲ!

ಬೇಲಿಗೆ ಕರೆಂಟು ಹರಿಸುವುದು ಬೇಡ. ಅದರಲ್ಲಿ ಜಿಂಕೆ ಮಾತ್ರವಲ್ಲ, ನಮ್ಮ ಮಕ್ಕಳೂ ಸಿಕ್ಕಾರು. 1972ರ ಕಾಯಿದೆಯ ಪ್ರಕಾರ ಕೃಷ್ಣಮೃಗ ಕೊಲ್ಲುವುದು ಅಪರಾಧ.

ಕುರಿಗಳಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸೋಣ. ಒಂದೇ ಬಯಲಲ್ಲಿ ಮೇಯುವಾಗ ಕುರಿಯ ರೋಗ ಕಾಡುಪ್ರಾಣಿಗೂ ಅಂಟಬಹುದು.

ಗೋಮಾಳ, ಕಾವಲು ಬೇರೆ ಕೆಲಸಕ್ಕೆ ಕೊಡುವ ಮಾತು ಗ್ರಾಮಸಭೆಯಲ್ಲಿ ಬಂದರೆ ಎದ್ದು ಕೇಳೋಣ. ಹುಲ್ಲುಗಾವಲು ಖಾಲಿ ಬಿದ್ದ ಜಾಗವಲ್ಲ. ಮರ ನೆಡುವುದು ಒಳ್ಳೆಯದೇ. ಆದರೆ ಬಯಲ ತುಂಬ ಮರ ನೆಟ್ಟರೆ ಜಿಂಕೆಗೆ ನೆಲೆ ಇಲ್ಲ.

ಟಗರು ಬದಲಾಯಿಸುವ ಬುದ್ಧಿ ನಮ್ಮ ಹಿರಿಯರು ಕೊಟ್ಟದ್ದು. ಜಿಂಕೆಗೆ ನಾವು ಗಂಡು ತಂದು ಕೊಡಬೇಕಾಗಿಲ್ಲ. ಅದು ನಡೆವ ದಾರಿ ಬಿಟ್ಟರೆ ಸಾಕು.

ಕೂತು ಮಾತಾಡಿ:
1. ನಿಮ್ಮ ಹಿಂಡಿಗೆ ಟಗರು ಯಾವ ಊರಿನಿಂದ ತರುತ್ತೀರಿ? ಯಾಕೆ?
2. ನಿಮ್ಮ ಊರ ಸುತ್ತ ಜಿಂಕೆ ಯಾವ ಕಡೆಯಿಂದ ಬರುತ್ತೆ, ಯಾವ ಕಡೆ ಹೋಗುತ್ತೆ?
3. ನಿಮ್ಮ ಅಜ್ಜಿಯ ಕಾಲದಲ್ಲಿ ಗೋಮಾಳ ಎಷ್ಟಿತ್ತು? ಈಗ ಎಷ್ಟಿದೆ?